ಹಗುರ ಕೈ

ಕಣ್ಣು ಬಿಡುವ ಮೊದಲೇ ಅವಳು ಎಡಗೈಯಿಂದ ಬಲಗೈಯನ್ನು ತಡವಿ ನೋಡಿಕೊಂಡಳು, ಪಕ್ಕದಲ್ಲಿ ಮಲಗಿರುವ ಬೇರೆ ಯಾರನ್ನೋ ಎದ್ದಿದ್ದಾರೋ ಇಲ್ಲವೋ ಎಂದು ವಿಚಾರಿಸಿಕೊಳ್ಳುವ ಹಾಗೆ. ಎರಡು ದಿಂಬು ಒಟ್ಟಿ ರಾತ್ರಿಯೆಲ್ಲ ಎತ್ತರಿಸಿಟ್ಟಿದ್ದರೂ ಕೈ ನಿನ್ನೆ ಸಂಜೆ ಎಷ್ಟಿತ್ತೋ ಅಷ್ಟೇ ಇತ್ತು. ಮೊದಲ ವರ್ಷ ಹೀಗಿರಲಿಲ್ಲ. ಸಂಜೆ ಊದಿದ್ದು ಬೆಳಗಾಗುವುದರೊಳಗೆ ಇಳಿದುಹೋಗಿ, ಹಿಂದಿನ ದಿನದ್ದೆಲ್ಲ ಬರೀ ಭ್ರಮೆ ಎಂದು ಅವಳು ತನಗೆ ತಾನೇ ಹೇಳಿಕೊಳ್ಳಬಹುದಾಗಿತ್ತು. ಅದರ ಮರುವರ್ಷ ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತಿತ್ತು. ಆ ಕುಳಿ ನಿಧಾನಕ್ಕೆ ತುಂಬಿಕೊಳ್ಳುವುದನ್ನು ಬಚ್ಚಲಮನೆಯಲ್ಲಿ ಚಿಲಕ ಹಾಕಿಕೊಂಡು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದಳು. ಈಗ ಒತ್ತಿದರೆ ಕುಳಿಯೂ ಬೀಳುವುದಿಲ್ಲ. ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳಿಗೆ ಅದು ಒಳ್ಳೆಯ ಲಕ್ಷಣವಲ್ಲವೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊಲೆಯ ಗಡ್ಡೆ ತೆಗೆಯುವಾಗ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು, ಅದರ ಮೇಲೆ ವಿಕಿರಣ ಕೊಟ್ಟಿದ್ದರು. ಕೈಯಿಂದ ವಾಪಸು ಹರಿಯಬೇಕಾದ ನೀರಿಗೆ ದಾರಿ ಮುಚ್ಚಿಹೋಗಿ, ಅದು ಅಲ್ಲೇ ನಿಂತು ಗಟ್ಟಿಯಾಗುತ್ತಿತ್ತು. ಕ್ಯಾನ್ಸರ್ ಹೋಗಿ ನಾಲ್ಕು ವರ್ಷವಾಯಿತು. ಹೋದದ್ದರ ಬಗ್ಗೆ ಎಲ್ಲರಿಗೂ ಹೇಳಿದ್ದಳು. ಅದು ಹೋದ ಮೇಲೆ ಬಂದದ್ದರ ಬಗ್ಗೆ ಯಾರಿಗೂ ಹೇಳಿರಲಿಲ್ಲ.

ಗಂಡನಿಗೆ ಮಾತ್ರ ಗೊತ್ತಿತ್ತು. ಒಂದೇ ಮಂಚದ ಮೇಲೆ ಮಲಗುವವನಿಂದ ಏನಂತ ಮುಚ್ಚಿಡುವುದು. ಅವನು ಪ್ಲಂಬರ್. ಒಂದು ಭಾನುವಾರ ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, "ಊರಲ್ಲಿರೋ ಪೈಪೆಲ್ಲ ಬಿಡಿಸಿ ಬರ್ತೀನಿ, ಮನೇದೊಂದು ನನ್ ಕೈಲಿ ಆಗ್ತಿಲ್ಲ ನೋಡು" ಎಂದು ನಗಿಸಲು ನೋಡಿದ್ದ. ಅವಳು ಕೈ ಎಳೆದುಕೊಂಡಿದ್ದಳು. ಅಂದಿನಿಂದ ಅವನು ಕೈಯ ಸುದ್ದಿ ಎತ್ತುವುದನ್ನೇ ಬಿಟ್ಟು, ಒದ್ದೆ ಬಟ್ಟೆಯ ಬಕೆಟ್ಟನ್ನು ತಾನೇ ಮಾತಿಲ್ಲದೆ ಮಹಡಿಗೆ ಹೊರುತ್ತಿದ್ದ. ಇವತ್ತು ಅವಳು ಬಿಳಿ ಕೋಟಿನ ಬಲತೋಳಿಗೆ ಕೈ ತೂರಿಸಲು ಒದ್ದಾಡುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡಿದ. ಆ ತೋಳಿನ ಹೊಲಿಗೆಯನ್ನು ಅವಳೇ ಬಿಚ್ಚಿ, ಕಂಕುಳಿನಿಂದ ಮಣಿಕಟ್ಟಿನವರೆಗೆ ಹಳೆಯ ತಲೆದಿಂಬಿನ ಬಟ್ಟೆಯ ಪಟ್ಟಿಯೊಂದನ್ನು ಸೇರಿಸಿ ಹೊಲಿದಿದ್ದಳು. ಕೋಟಿನ ಬಿಳುಪು ಒಂದು, ಪಟ್ಟಿಯ ಬಿಳುಪು ಇನ್ನೊಂದು. ತೋಳನ್ನು ಮೈಗೆ ಅಂಟಿಸಿಕೊಂಡು ನಡೆದರೆ ಕಾಣುವುದಿಲ್ಲ.

"ಇವತ್ತು ರಜ ಹಾಕ್ತೀಯಾ?" ಎಂದ.

"ಯಾಕೆ?"

"ಸುಮ್ನೆ ಕೇಳ್ದೆ."

ಬಸ್ಸಿನಲ್ಲಿ ಅವಳು ಯಾವಾಗಲೂ ಬಲಗಡೆಯ ಕಿಟಕಿಯ ಸೀಟನ್ನೇ ಹುಡುಕುತ್ತಾಳೆ, ಕೈ ಗೋಡೆಯ ಕಡೆಗಿರಲೆಂದು. ಅಲ್ಲಿ ಕೂತು ಅವಳು ಯೋಚಿಸಿದ್ದು ಗುಬ್ಬಿಯ ಬಗ್ಗೆ. ಗುಬ್ಬಿ ಅಂದರೆ ರಕ್ತ ತೆಗೆಯುವ ಕೋಣೆಯಲ್ಲಿ ಹದಿನಾರು ವರ್ಷ ಅವಳ ಪಕ್ಕದ ಕುರ್ಚಿಯಲ್ಲಿ ಕೂತವಳು, ನಾಲ್ಕೂ ಮುಕ್ಕಾಲು ಅಡಿಯ ಹೆಂಗಸು, ಪಟಪಟ ಮಾತು, ಸ್ಟೂಲ್ ಹತ್ತದೆ ಮೇಲಿನ ಕಪಾಟಿಗೆ ಕೈ ಎಟುಕದು. ಆ ಗುಬ್ಬಿ ಈಗ ಹದಿನಾರು ದಿನದಿಂದ ನೆಲಮಾಳಿಗೆಯಲ್ಲಿ ಮೂತ್ರದ ಡಬ್ಬಿಗಳನ್ನು ತೆಗೆದುಕೊಳ್ಳುವ ಕೌಂಟರಿನಲ್ಲಿ ಕೂತಿದ್ದಾಳೆ. ಅಲ್ಲಿ ಹೊರಗಿನ ಬೆಳಕು ಬರುವ ಕಿಟಕಿಯಿಲ್ಲ. ಹದಿನಾರು ವರ್ಷ, ಹದಿನಾರು ದಿನ. ಲೆಕ್ಕ ಹೀಗೆ ಕೂಡಿಬಂದದ್ದು ಯಾರೋ ಬೇಕೆಂದೇ ಮಾಡಿದ್ದೇನೋ ಅನ್ನಿಸಿ ಅವಳು ಕಿಟಕಿಯಾಚೆ ನೋಡಿದಳು. ಹೊರಗೆ ಅಂಗಡಿಗಳ ಬಾಗಿಲು ಎತ್ತುತ್ತಿದ್ದರು, ಒಬ್ಬ ಹೆಂಗಸು ಎರಡು ಕೈಯಲ್ಲೂ ಚೀಲ ಹಿಡಿದುಕೊಂಡು ರಸ್ತೆ ದಾಟುತ್ತಿದ್ದಳು. ಎರಡು ಕೈಯಲ್ಲೂ. ಈಚೆಗೆ ಅವಳು ಜನರ ಮುಖ ನೋಡುವುದಕ್ಕಿಂತ ಮೊದಲು ಕೈ ನೋಡುತ್ತಾಳೆ. ಕೈ ನೋಡುವುದೇ ಉದ್ಯೋಗವಾದವಳಿಗೆ ಅದೇನೂ ಹೊಸದಲ್ಲ, ಆದರೆ ಮೊದಲು ನೋಡುತ್ತಿದ್ದುದು ನರಕ್ಕಾಗಿ, ಈಗ ನೋಡುವುದು ಹೊಟ್ಟೆಕಿಚ್ಚಿನಿಂದ.

ಆಸ್ಪತ್ರೆಗೆ ಬರುವವರು ಅವಳನ್ನು 'ನೋಯಿಸದ ಅಕ್ಕ' ಎಂದು ಕರೆಯುತ್ತಿದ್ದರು. ಚೀಟಿ ಹಿಡಿದು ಬಂದವರು ಅವಳ ಒಂದನೆಯ ಕುರ್ಚಿ ಖಾಲಿಯಾಗುವವರೆಗೆ ಬೇಕೆಂದೇ ಹಿಂದೆ ಸರಿದು ನಿಂತು ಮಿಕ್ಕವರನ್ನು ಮುಂದೆ ಬಿಡುತ್ತಿದ್ದರು. ಗುಬ್ಬಿ ಅದಕ್ಕೆ, "ನನ್ನ ಹತ್ರಾನೂ ಬನ್ನಿ, ನಾನೇನು ಕಚ್ಚಲ್ಲ" ಎಂದು ನಗುತ್ತಿದ್ದಳು. ಕೀಮೋ ತೆಗೆದುಕೊಂಡು ನರ ಬತ್ತಿದವರು, ದಪ್ಪ ಮೈಯವರು, ಅಳುವ ಮಕ್ಕಳು, ಎಲ್ಲರೂ ಅವಳ ಪಾಲಿಗೇ. ಕಣ್ಣಿಗೆ ಕಾಣದ ನರವನ್ನು ಅವಳು ಬೆರಳಿನಿಂದ ನೋಡುತ್ತಿದ್ದಳು. ಚರ್ಮದ ಕೆಳಗೆ ಅದು ತುಸು ಪುಟಿಯುತ್ತದೆ, ಒತ್ತಿ ಬಿಟ್ಟರೆ ಉಸಿರಾಡಿದ ಹಾಗೆ ಮೇಲೇಳುತ್ತದೆ. ಬಲಗೈಯ ತೋರುಬೆರಳಿನ ತುದಿ ಅದನ್ನು ಹಿಡಿದರೆ ಮಿಕ್ಕದ್ದು ಕೈ ತಾನಾಗಿ ಮಾಡುತ್ತಿತ್ತು. ಆ ತೋರುಬೆರಳು ಈಗ ದಪ್ಪಗಾಗಿ, ಬಿಗಿದು, ಅದರ ತುದಿಗೆ ಯಾರೋ ಇನ್ನೊಂದು ಪದರ ಚರ್ಮ ತೊಡಿಸಿದ ಹಾಗಾಗಿತ್ತು. ಕೈಗವಸಿನ ಎರಡು ಡಬ್ಬಿ ಇಟ್ಟುಕೊಂಡಿದ್ದಳು, ಎಡಗೈಗೆ ಸಣ್ಣದರಿಂದ ಒಂದು, ಬಲಗೈಗೆ ದೊಡ್ಡದರಿಂದ ಒಂದು. ಹೋದ ವರ್ಷ ಡಬ್ಬದ ಮುಚ್ಚಳ ತರಚಿದ ಗಾಯವೊಂದು ಕೆಂಪೇರಿ, ಕೈ ಪೂರ್ತಿ ಬೆಂಕಿಯಾಗಿ, ಚಳಿಜ್ವರ ಬಂದು ಎಂಟು ದಿನ ಮಲಗಿದ್ದಳು. ಆಮೇಲೆ ಬಂದ ಈ ಬಿಗಿ ಹೋಗಲೇ ಇಲ್ಲ. ಕೆಲಸಕ್ಕೆ ವಾಪಸು ಬಂದಾಗ ಗುಬ್ಬಿ ಏನಾಗಿತ್ತೆಂದು ಕೇಳಿದ್ದಕ್ಕೆ "ಜ್ವರ" ಎಂದಿದ್ದಳು. ಸುಳ್ಳಲ್ಲ. ಸುಳ್ಳು ಹೇಳದೆ ಮುಚ್ಚಿಡುವುದರಲ್ಲಿ ಅವಳು ಪಳಗಿಬಿಟ್ಟಿದ್ದಳು.

ನೇರವಾಗಿ ಸುಳ್ಳು ಹೇಳಿದ ಒಂದು ದಿನವೂ ಇತ್ತು. ಮೂರು ವರ್ಷದ ಹಿಂದೆ, ಕೈ ಇನ್ನೂ ಬೆಳಿಗ್ಗೆ ಇಳಿಯುತ್ತಿದ್ದ ಕಾಲದಲ್ಲಿ, ವೈದ್ಯರು ಇದೇ ಆಸ್ಪತ್ರೆಯ ಹಿಂಭಾಗದ ಫಿಸಿಯೋಥೆರಪಿಗೆ ಬರೆದುಕೊಟ್ಟಿದ್ದರು. ಅಲ್ಲಿ ಟೇಪು ಹಿಡಿದು ಆರು ಕಡೆ ಅಳೆದು, ದಿನಾ ಬಂದು ಬ್ಯಾಂಡೇಜು ಕಟ್ಟಿಸಿಕೊಳ್ಳಬೇಕು, ಆಮೇಲೆ ಬಿಗಿ ತೋಳುಚೀಲ ತೊಡಬೇಕು, ಈಗಲೇ ಮಾಡಿದರೆ ಹತೋಟಿಗೆ ಬರುತ್ತದೆ ಎಂದಿದ್ದರು. ಮಾರನೆಯ ದಿನ ಹೋಗಿ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲೊಬ್ಬ ಹೆಂಗಸು, ಇವಳಿಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಅವಳ ಎಡಗೈ ತೊಡೆಯಷ್ಟು ದಪ್ಪ, ಮಗುವನ್ನು ಮಲಗಿಸಿಕೊಂಡ ಹಾಗೆ ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಸಲಿಗೆಯಿಂದ, "ನಿಮಗೂ ಕೈನಾ?" ಎಂದಳು. ಆ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಜೊತೆಗೊಬ್ಬರು ಸಿಕ್ಕರೆಂಬ ಸಮಾಧಾನ ಅಷ್ಟೇ. ಇವಳ ಬಾಯಿಂದ ಬಂದದ್ದು, "ಇಲ್ಲ, ನಾನು ಇಲ್ಲೇ ಕೆಲಸ ಮಾಡೋದು." ಹೇಳಿ ಎದ್ದು, ಏನೋ ಮರೆತವಳಂತೆ ಮೇಜಿನ ಮೇಲಿನ ಕಾಗದ ಎರಡು ಸಲ ತಿರುವಿ ಹಾಕಿ, ಹೊರಟು ಬಂದಳು. ಮತ್ತೆ ಆ ಕಡೆ ಹೋಗಲಿಲ್ಲ. ಹೋದರೆ ಆ ಹೆಂಗಸು ಇರುತ್ತಾಳೆ ಎಂಬುದು ಮೊದಮೊದಲು ಕಾರಣವಾಗಿತ್ತು. ಆಮೇಲೆ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ ಎಂಬುದು. ತಡವಾದಷ್ಟೂ ಆ ಪ್ರಶ್ನೆ ದಪ್ಪವಾಯಿತು, ಅದರ ಜೊತೆಗೆ ಕೈಯೂ.

ಕೋಣೆಯಲ್ಲಿ ದೀಪ ಹಾಕಿ ಅವಳು ಟ್ಯೂಬುಗಳನ್ನು ಬಣ್ಣದ ಪ್ರಕಾರ ಜೋಡಿಸಿದಳು. ಎರಡನೆಯ ಕುರ್ಚಿ ಖಾಲಿ. ಗುಬ್ಬಿಯ ಬದಲಿಗೆ ಇನ್ನೂ ಯಾರನ್ನೂ ಹಾಕಿರಲಿಲ್ಲ. ಆ ಖಾಲಿ ಕುರ್ಚಿಯಲ್ಲೇ ಹದಿನೆಂಟು ದಿನದ ಹಿಂದೆ ಅದು ನಡೆದದ್ದು. ಎರಡನೆಯ ಕುರ್ಚಿಯ ಮಗ್ಗುಲಿಗೆ ಮೇಜಿನ ಅಂಚು ಬರುತ್ತದೆ, ಅದಕ್ಕೆ ಬಲಮೊಣಕೈ ಒರಗಿಸಿದರೆ ಭಾರ ತಿಳಿಯುವುದಿಲ್ಲ. ಗುಬ್ಬಿ ಟೀ ಕುಡಿಯಲು ಹೋದಾಗಲೆಲ್ಲ ಅವಳು ಅಲ್ಲಿಗೆ ಸರಿಯುತ್ತಿದ್ದಳು. ಆವತ್ತು ಬಂದದ್ದು ಒಬ್ಬ ಮೇಷ್ಟ್ರು, ನಿವೃತ್ತರಾದವರು, ತೆಳ್ಳಗೆ, ಬಾಗಿದ ಬೆನ್ನು. ಹೃದಯಕ್ಕೆಂದು ರಕ್ತ ತೆಳುವಾಗುವ ಮಾತ್ರೆ ನುಂಗುವವರು. ಮಗಳು ಗಾಡಿ ನಿಲ್ಲಿಸಲು ಹೋಗಿದ್ದಳು. ಇವಳು ರಬ್ಬರ್ ಪಟ್ಟಿ ಕಟ್ಟಿ, ತಡವಿ, ಸಿಕ್ಕಿತೆಂದುಕೊಂಡು ಚುಚ್ಚಿದಳು. ಸಿಕ್ಕಿರಲಿಲ್ಲ. ಒಳಗೇ ಸೂಜಿ ತಿರುಗಿಸಿದಳು. ಹೊಸದಾಗಿ ಸೇರಿದವರು ಹಾಗೆ ಮಾಡಿದರೆ ಕೈ ಹಿಡಿದು ತಡೆಯುತ್ತಿದ್ದವಳು ಅವಳೇ. ತೆಗೆದು, ಇನ್ನೊಂದು ಸಲ ಚುಚ್ಚಿ, ಹೇಗೋ ಎರಡು ಟ್ಯೂಬು ತುಂಬಿಸಿದಳು. ಹತ್ತಿ ಇಟ್ಟು ಐದು ನಿಮಿಷ ಒತ್ತಿ ಹಿಡಿಯಬೇಕಾದವಳು ಹೆಬ್ಬೆರಳು ಸೋತು ಒಂದು ನಿಮಿಷಕ್ಕೇ ಬಿಟ್ಟಳು. ಮೇಷ್ಟ್ರು ಹಲ್ಲು ಕಚ್ಚಿಕೊಂಡಿದ್ದರು. ಆದರೂ, "ಪರವಾಗಿಲ್ಲ ತಾಯಿ, ನನ್ನ ನರಾನೇ ಹಾಗೆ, ಓಡಿಹೋಗುತ್ತೆ" ಎಂದು ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡು ಎದ್ದು ಹೋದರು. ಆ ಕುರ್ಚಿಯ ಕಂಪ್ಯೂಟರ್ ಗುಬ್ಬಿಯ ಹೆಸರಿನಲ್ಲಿ ತೆರೆದಿತ್ತು. ಟ್ಯೂಬಿನ ಚೀಟಿಯ ಮೇಲೆ ಗುಬ್ಬಿಯ ಹೆಸರೇ ಬಿತ್ತು. ಇದನ್ನು ಅವಳು ಬೇಕೆಂದು ಮಾಡಿರಲಿಲ್ಲ.

ಬೇಕೆಂದು ಮಾಡಿದ್ದು ಎರಡು ದಿನ ಬಿಟ್ಟು. ಮೇಷ್ಟ್ರ ಮಗಳು ಫೋಟೋ ತಂದಳು. ಮೊಣಕೈಯ ಒಳಗಿನಿಂದ ಮಣಿಕಟ್ಟಿನವರೆಗೆ ಕೈ ನೇರಳೆಗಪ್ಪಾಗಿತ್ತು. ವಿಭಾಗದ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಅನ್ನುವವರು, ಇಬ್ಬರನ್ನೂ ಕರೆದು ಚೀಟಿಯ ಹೆಸರು ಓದಿದರು. ಗುಬ್ಬಿ ಫೋಟೋ ನೋಡಿದಳು. ಒಂದು ಗಳಿಗೆ ಇವಳ ಕಡೆಯೂ ನೋಡಿದಳು. "ಇರಬಹುದು ಮೇಡಂ, ದಿನಕ್ಕೆ ಎಂಬತ್ತು ಕೈ, ಯಾವುದು ಅಂತ ನೆನಪಿಟ್ಕೊಳ್ಳೋದು" ಎಂದಳು. ಆಗ ಬಾಯಿ ಬಿಡಬಹುದಾಗಿತ್ತು. ಮೇಡಮ್ಮಿನ ಮೇಜಿನ ಗಾಜಿನ ಕೆಳಗೆ ಒಂದು ಹಳೆಯ ಬಸ್ ಟಿಕೆಟ್ ಸಿಕ್ಕಿಕೊಂಡಿತ್ತು. ಅವಳು ಅದನ್ನು ನೋಡುತ್ತಾ ನಿಂತಿದ್ದಳು. ನಾನು ಎಂದರೆ, ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಕೈ ತೋರಿಸಬೇಕು. ತೋರಿಸಿದ ದಿನವೇ ಸೂಜಿ ಬಿಡಬೇಕು. ಇಷ್ಟನ್ನೂ ಅವಳು ನಿಧಾನವಾಗಿ, ತಣ್ಣಗೆ ಯೋಚಿಸಿದ್ದಳು. ಗಾಬರಿಯಲ್ಲಿ ಬಾಯಿ ಕಟ್ಟಿತೆಂದು ಆಮೇಲೆ ಹೇಳಿಕೊಳ್ಳಲೂ ಆಗದಷ್ಟು ತಣ್ಣಗೆ.

ಇವತ್ತು ಹತ್ತು ಗಂಟೆಯ ಹೊತ್ತಿಗೆ ದೊಡ್ಡ ಮೇಡಂ ತಾವೇ ಮೇಷ್ಟ್ರನ್ನು ಕೈಹಿಡಿದು ಕರೆದುಕೊಂಡು ಬಂದರು. ಹಿಂದೆ ಮಗಳು, ತೋಳಿನಲ್ಲಿ ದೊಡ್ಡ ಚೀಲ, ಕೆಲಸಕ್ಕೆ ಹೊತ್ತಾದವರ ಮುಖ.

"ಅವತ್ತು ಚುಚ್ಚಿದವರು ಇಲ್ಲ ತಾನೆ?" ಎಂದಳು ಮಗಳು, ಕೋಣೆಯ ಸುತ್ತ ನೋಡುತ್ತಾ.

"ಅವರನ್ನ ಕೆಳಗೆ ಹಾಕಿದೀವಿ. ಈ ಅಕ್ಕನ ಹತ್ರ ಕೂರಿಸಿ. ಇವರಷ್ಟು ಹಗುರ ಕೈ ನಮ್ಮಲ್ಲಿ ಇನ್ಯಾರದೂ ಇಲ್ಲ" ಎಂದರು ಮೇಡಂ, ಅವಳ ಹೆಗಲು ತಟ್ಟಿ. ತಟ್ಟಿದ್ದು ಬಲ ಹೆಗಲು. ಯಾರೋ ಫೋನಿಗೆ ಕರೆದರೆಂದು ಅವರು ಹೊರಟುಹೋದರು.

ಮೇಷ್ಟ್ರು ಅವಳ ಮುಖ ನೋಡಿದರು. ಗುರುತು ಹಿಡಿದರು. ಅದು ಅವಳಿಗೆ ತಿಳಿಯಿತು, ಯಾಕೆಂದರೆ ಅವರು ತಕ್ಷಣ ಕಣ್ಣು ಕೆಳಗೆ ಹಾಕಿ ಅಂಗಿಯ ಗುಂಡಿ ಬಿಚ್ಚತೊಡಗಿದರು, ಬೇರೆಯವರ ಮನೆಯ ಬಾಗಿಲು ಅಪ್ಪಿತಪ್ಪಿ ತೆರೆದವರ ಹಾಗೆ. ಅವರ ಬಲಗೈ ಇನ್ನೂ ಹಳದಿ ಹಸಿರಾಗಿತ್ತು. ಅದನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಎಡಗೈ ಚಾಚಿದರು. ಅವಳು ಪಟ್ಟಿ ಕಟ್ಟಿದಳು. "ಮುಷ್ಟಿ ಹಿಡೀರಿ" ಎಂದಳು. ತಡವಿದಳು. ಚರ್ಮ ತೆಳ್ಳಗೆ, ಸುಕ್ಕು, ಅದರ ಕೆಳಗೆ ಏನೂ ಇಲ್ಲ. ಇರಲೇಬೇಕು. ಎಲ್ಲರಿಗೂ ಇರುವ ಜಾಗದಲ್ಲೇ ಇವರಿಗೂ ಇರಬೇಕು. ಅವಳ ಬೆರಳಿಗೆ ಮಾತ್ರ ಎಲ್ಲವೂ ಒಂದೇ ಆಗಿ, ಕಂಬಳಿ ಹೊದ್ದು ಹೊರಗಿನ ಮಾತು ಕೇಳಿಸಿಕೊಳ್ಳುವ ಹಾಗಾಗಿತ್ತು. ಸೂಜಿಯ ಮುಚ್ಚಳ ತೆಗೆದಳು. ಮಗಳು ಹತ್ತಿರ ಬಂದು ಬಾಗಿದಳು. ಮೇಷ್ಟ್ರು ಇವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ನಿಧಾನವಾಗಿ ಮಾಡು ತಾಯಿ, ನಂಗೇನೂ ಅವಸರ ಇಲ್ಲ" ಎಂದರು. ಆ ಮಾತು ಅವಳನ್ನು ಮುಗಿಸಿತು. ಬೈದಿದ್ದರೆ ಚುಚ್ಚಿಬಿಡುತ್ತಿದ್ದಳೇನೋ. ಸೂಜಿಯನ್ನು ಡಬ್ಬಿಗೆ ಹಾಕಿ, ಪಟ್ಟಿ ಬಿಚ್ಚಿ, "ಒಂದ್ನಿಮಿಷ ಕೂತಿರಿ, ಬಂದೆ" ಎಂದು ಎದ್ದಳು.

ಮೆಟ್ಟಿಲಿಳಿಯುವಾಗ ಯಾರಾದರೂ ಎದುರಿಗೆ ಬಂದರೆ ಏನು ಹೇಳಬೇಕೆಂದು ಯೋಚಿಸುತ್ತಿದ್ದಳು. ಯಾರೂ ಬರಲಿಲ್ಲ. ನೆಲಮಾಳಿಗೆಯ ಕೌಂಟರಿನಲ್ಲಿ ಗುಬ್ಬಿ ಎರಡು ದಪ್ಪ ರಿಜಿಸ್ಟರ್ ಪೇರಿಸಿ ಅದರ ಮೇಲೆ ಕೂತಿದ್ದಳು, ಕೌಂಟರಿಗೆ ತನ್ನ ಎತ್ತರ ಸಾಲದೆ.

"ಆ ಮೇಷ್ಟ್ರು ಬಂದಿದಾರೆ" ಎಂದಳು ಇವಳು.

"ಯಾವ ಮೇಷ್ಟ್ರು?"

"ಕೈ ಕಪ್ಪಾಗಿತ್ತಲ್ಲ."

"ಸರಿ. ತೆಗಿ ಹೋಗು."

"ನರ ಸಿಗ್ತಿಲ್ಲ ಕಣೆ."

ಗುಬ್ಬಿ ಅವಳ ಮುಖ ನೋಡಿದಳು, ಆಮೇಲೆ ಕೈ ನೋಡಿದಳು, ಆ ಪಟ್ಟಿ ಸೇರಿಸಿ ಹೊಲಿದ ತೋಳನ್ನು. ರಿಜಿಸ್ಟರಿನಿಂದ ಇಳಿದು ಸೋಪು ಹಚ್ಚಿ ಕೈ ತೊಳೆದಳು, ಒರೆಸಿಕೊಂಡಳು, ಮುಂದೆ ಮುಂದೆ ಮೆಟ್ಟಿಲು ಹತ್ತಿದಳು. ಮೇಲೆ ಹೋಗಿ ಮೇಷ್ಟ್ರ ಎದುರು ಕೂತು, "ಏನ್ ಮೇಷ್ಟ್ರೇ, ಬೆಳಿಗ್ಗೆ ನೀರು ಕುಡಿದಿಲ್ಲ ಅಲ್ವಾ ನೀವು? ನರ ಎಲ್ಲ ಮಲ್ಕೊಂಡ್ಬಿಟ್ಟಿದೆ" ಎನ್ನುತ್ತಾ ಅವರ ಅಂಗೈಯನ್ನು ತನ್ನ ಅಂಗೈಯಲ್ಲಿಟ್ಟು ಬೆಚ್ಚಗೆ ತಿಕ್ಕಿದಳು, ಮಾತು ಮುಗಿಸುವುದರೊಳಗೆ ಟ್ಯೂಬಿನಲ್ಲಿ ರಕ್ತ ಏರುತ್ತಿತ್ತು. ಹತ್ತಿ ಇಟ್ಟು ಗಡಿಯಾರ ನೋಡಿಕೊಂಡು ಐದು ನಿಮಿಷ ಒತ್ತಿ ಹಿಡಿದಳು. ಇವಳು ಗೋಡೆಗೆ ಆತು ನಿಂತು ಆ ಐದು ನಿಮಿಷವನ್ನೂ ಪೂರ್ತಿ ನೋಡಿದಳು.

"ಅಷ್ಟೇನಾ?" ಎಂದಳು ಮಗಳು. ಅವಳ ಮುಖ ಸಡಿಲವಾಯಿತು. "ಅವತ್ತೂ ನೀವೇ ಇದ್ದಿದ್ರೆ ನಮ್ಮಪ್ಪನಿಗೆ ಆ ಪಾಡು ಬರ್ತಿರಲಿಲ್ಲ. ಆ ಹೆಂಗಸನ್ನ ಇನ್ನೂ ಕೆಲಸದಲ್ಲಿ ಇಟ್ಕೊಂಡಿದಾರಲ್ಲ ಇವರು."

"ಇಟ್ಕೊಂಡಿದಾರೆ" ಎಂದಳು ಗುಬ್ಬಿ, ತಲೆ ಎತ್ತದೆ.

"ಬಿಡಮ್ಮ, ಎಲ್ಲರ ಕೈನೂ ಎಲ್ಲಾ ದಿನ ಒಂದೇ ಥರ ಇರುತ್ತಾ" ಎಂದರು ಮೇಷ್ಟ್ರು. ಗುಂಡಿ ಹಾಕಿಕೊಳ್ಳುತ್ತಾ ಹೇಳಿದರು, ಯಾರನ್ನೂ ನೋಡದೆ. ಹೋಗುವಾಗ ಇಬ್ಬರಿಗೂ ಸಮನಾಗಿ ಕೈಮುಗಿದರು. ಸಮನಾಗಿ ಮುಗಿದದ್ದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಅವರು ಹೋದ ಮೇಲೆ ಗುಬ್ಬಿ ಬಾಗಿಲು ಅರ್ಧ ಹಾಕಿ, ತನ್ನ ಹಳೆಯ ಕುರ್ಚಿಯಲ್ಲಿ ಕೂತು, ಅದನ್ನೊಮ್ಮೆ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದಳು.

"ನಿಂಗೊಂದು ಹೇಳ್ಬೇಕಿತ್ತು" ಎಂದು ಇವಳು ಶುರು ಮಾಡಿದಳು.

"ಹೇಳ್ಬೇಡ. ಗೊತ್ತು."

"ಏನ್ ಗೊತ್ತು?"

"ಹತ್ತೂಕಾಲಿಗೆ ನಾನು ಟೀ ಕುಡೀತಾ ಇದ್ದೆ. ಚೀಟಿ ಮೇಲೆ ಹತ್ತೂಕಾಲು ಅಂತ ಇದೆ. ನಾನೇನು ದಡ್ಡೀನಾ?" ಗುಬ್ಬಿಯ ದನಿ ಜಗಳದ್ದಾಗಿರಲಿಲ್ಲ. "ಕೈದೂ ಗೊತ್ತು. ಎರಡು ಡಬ್ಬಿ ಗ್ಲೌಸ್ ಯಾರು ಇಟ್ಕೋತಾರೆ? ಒಂದು ವರ್ಷದಿಂದ ಗೊತ್ತು. ಎಲ್ಲರಿಗೂ ಗೊತ್ತು, ಮೇಡಂ ಒಬ್ಬರನ್ನ ಬಿಟ್ಟು. ಕಸ ಗುಡಿಸೋರಿಗೂ ಗೊತ್ತು."

ಎಲ್ಲರಿಗೂ ಎಂಬ ಮಾತು ಕಿವಿಯಲ್ಲಿ ಬಿದ್ದ ಕ್ಷಣ ಅವಳಿಗೆ ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಒಂದು ವರ್ಷ ಅವಳು ತೋಳನ್ನು ಮೈಗೆ ಅಂಟಿಸಿಕೊಂಡು ನಡೆದದ್ದನ್ನು, ಬಸ್ಸಿನಲ್ಲಿ ಗೋಡೆಯ ಕಡೆ ಕೂತದ್ದನ್ನು, ಎಲ್ಲರೂ ನೋಡಿ ನೋಡದ ಹಾಗೆ ಇದ್ದರು. ಬಟ್ಟೆಯಿಲ್ಲದೆ ಓಡಾಡುತ್ತಿದ್ದವಳಿಗೆ ಯಾರೂ ಒಂದು ಮಾತು ಹೇಳಲಿಲ್ಲ.

"ಮತ್ತೆ ಮೇಡಂ ಮುಂದೆ ಯಾಕೆ 'ಇರಬಹುದು' ಅಂದೆ? ನನ್ ಮೇಲೆ ಕನಿಕರಾನಾ?"

"ಅವತ್ತು ಕನಿಕರಾನೇ" ಎಂದಳು ಗುಬ್ಬಿ. "ನೀನು ಸಂಜೆ ಬಂದು ಹೇಳ್ತೀಯ ಅಂದ್ಕೊಂಡಿದ್ದೆ. ಎರಡು ದಿನ ನೋಡ್ದೆ. ಆಮೇಲೆ ಸಿಟ್ಟು ಬಂತು, ಹೋಗಿ ಹೇಳ್ಬಿಡೋಣ ಅನ್ನಿಸ್ತು. ಆಮೇಲೆ ಅದೂ ಹೋಯ್ತು. ಎಷ್ಟು ದಿನ ಹೀಗೇ ಇರ್ತಾಳೆ ನೋಡೋಣ ಅಂತ ಸುಮ್ನೆ ಕೂತೆ. ಊಟದ ಡಬ್ಬಿ ತಗೊಂಡು ದಿನಾ ಕೆಳಗೆ ಬಂದು ನನ್ ಜೊತೇನೇ ತಿಂತಿದ್ದೆಯಲ್ಲ ನೀನು. ಅಷ್ಟು ದಿನ. ಹೆಂಗ್ ಇಳೀತಿತ್ತೇ ಗಂಟಲಲ್ಲಿ?"

ಇಳಿಯುತ್ತಿತ್ತು, ಅದೇ ನಿಜ. ಹಸಿವಾಗುತ್ತಿತ್ತು, ತಿನ್ನುತ್ತಿದ್ದಳು. ಗುಬ್ಬಿಯ ಡಬ್ಬಿಯಿಂದಲೂ ಕೇಳಿ ಹಾಕಿಸಿಕೊಂಡಿದ್ದಳು. ಅಲ್ಲಿಗೆ ದಿನಾ ಹೋಗುತ್ತಿದ್ದುದನ್ನು ತನ್ನ ಒಳ್ಳೆಯತನವೆಂದೇ ಲೆಕ್ಕ ಹಾಕಿಕೊಂಡಿದ್ದಳು, ಪಾಪ ಒಬ್ಬಳೇ ಕೂತಿರುತ್ತಾಳೆ ಎಂದು. ಗುಬ್ಬಿ ಎದ್ದು, "ನಾನು ಕೆಳಗೆ ಹೋಗ್ಬೇಕು, ಅಲ್ಲಿ ಯಾರೂ ಇಲ್ಲ" ಎಂದಳು. ಹೋದಳು.

ಚೀಟಿ ಹಿಡಿದವರು ಇಬ್ಬರು ಬಾಗಿಲು ತಳ್ಳಿ ನೋಡಿದರು. ಅವರಿಗೆ ಕಾಯಲು ಹೇಳಿ ಅವಳು ದೊಡ್ಡ ಮೇಡಮ್ಮಿನ ಕೋಣೆಗೆ ನಡೆದಳು. ದಾರಿಯಲ್ಲಿ ಮಾತು ಜೋಡಿಸಿಕೊಳ್ಳಲು ನೋಡಿದಳು. ಜೋಡಿಸಿದ್ದೆಲ್ಲ ಎಲ್ಲಾದರೂ ಒಂದು ಕಡೆ ಅವಳನ್ನು ಸ್ವಲ್ಪ ಒಳ್ಳೆಯವಳನ್ನಾಗಿ ಮಾಡುತ್ತಿತ್ತು. ಕೊನೆಗೆ ಒಳಗೆ ಹೋಗಿ, "ಮೇಷ್ಟ್ರ ಕೈ ಹಾಗೆ ಮಾಡಿದ್ದು ನಾನು ಮೇಡಂ. ಗುಬ್ಬಿ ಅಲ್ಲ. ನಂಗೆ ಅವತ್ತೇ ಗೊತ್ತಿತ್ತು" ಎಂದಳು. ಕೋಟಿನ ಗುಂಡಿ ಬಿಚ್ಚಿ ತೋಳಿನಿಂದ ಕೈ ಎಳೆದು ಮೇಜಿನ ಗಾಜಿನ ಮೇಲಿಟ್ಟಳು. ಹಗಲು ಬೆಳಕಿನಲ್ಲಿ, ಇನ್ನೊಬ್ಬರ ಎದುರು, ಅದು ಅವಳು ತಿಳಿದಿದ್ದಕ್ಕಿಂತ ದೊಡ್ಡದಾಗಿ ಕಂಡಿತು. ಮಣಿಕಟ್ಟಿನ ಎಲುಬು ಎಲ್ಲೂ ಇರಲಿಲ್ಲ. ಕೋಟಿನ ಹೊಲಿಗೆಯ ಗುರುತು ಚರ್ಮದ ಮೇಲೆ ಉದ್ದಕ್ಕೂ ಒತ್ತಿತ್ತು. ಮೇಡಂ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು.

"ನಾನು ಆ ಮನುಷ್ಯನನ್ನ ಹಗುರ ಕೈ ಅಂತ ಹೊಗಳಿ ನಿಮ್ಮ ಮುಂದೆ ಕೂರಿಸಿ ಬಂದೆನಲ್ರೀ" ಎಂದರು. ಸಿಟ್ಟಿಗಿಂತ ಹೆಚ್ಚಾಗಿ ಅವರಿಗೂ ನಾಚಿಕೆಯಾದಂತಿತ್ತು. ಒಂದು ಕಾಗದ ತಳ್ಳಿ, ಬರೆದುಕೊಡಿ ಎಂದರು. ಅವಳು ಬರೆದಳು, ದಪ್ಪ ಬೆರಳಿಗೆ ಪೆನ್ನು ನಿಲ್ಲದೆ ಅಕ್ಷರಗಳು ಒಂದನೇ ತರಗತಿಯ ಮಕ್ಕಳ ಬರಹದ ಹಾಗೆ ಬಿದ್ದವು. ಆಮೇಲೆ ಮೇಡಂ ಮೇಷ್ಟ್ರ ಚೀಟಿಯಲ್ಲಿದ್ದ ನಂಬರು ಒತ್ತಿ ಫೋನನ್ನು ಅವಳ ಕಡೆಗೇ ತಿರುಗಿಸಿದರು. ಎತ್ತಿದ್ದು ಮಗಳು. ಇವಳು ನಡೆದದ್ದನ್ನೆಲ್ಲ ಹೇಳಿದಳು.

"ನೀವು... ಅಲ್ಲಿ ಗೋಡೆ ಹತ್ರ ನಿಂತಿದ್ರಲ್ಲ, ಅವರಾ?"

"ಹೌದು."

"ನಾನು ನಿಮ್ಮೆದುರಿಗೇ ಅವರ ಮುಂದೆ ಹಾಗಂದೆ. ನೀವು ಸುಮ್ನೆ ನಿಂತಿದ್ರಿ" ಎಂದಳು ಮಗಳು. ಫೋನಿಟ್ಟಳು.

ಮಾರನೆಯ ದಿನ ಗುಬ್ಬಿ ಮೇಲಕ್ಕೆ ಬಂದಳು, ಇವಳು ಕೆಳಕ್ಕೆ ಹೋದಳು. ಮೆಟ್ಟಿಲಲ್ಲಿ ಎದುರಾದಾಗ ಗುಬ್ಬಿ, "ಕೆಳಗಿನ ನಲ್ಲಿ ಸೋರುತ್ತೆ, ಬಿಗಿಯಾಗಿ ತಿರುಗಿಸ್ಬೇಕು" ಎಂದಷ್ಟೇ ಹೇಳಿದಳು. ಊಟಕ್ಕೆ ಕೆಳಗೆ ಬರಲಿಲ್ಲ. ಇವಳೂ ಮೇಲೆ ಹೋಗಲಿಲ್ಲ. ಕೆಲಸ ಮುಗಿಸಿ ಅವಳು ಆಸ್ಪತ್ರೆಯ ಹಿಂಭಾಗಕ್ಕೆ ಹೋದಳು. ಫಿಸಿಯೋಥೆರಪಿಯ ಹೆಂಗಸು ಟೇಪು ಸುತ್ತಿ ಮೂರು ವರ್ಷದ ಹಿಂದಿನ ಚೀಟಿ ಹುಡುಕಿ ತೆಗೆದಳು. ಮೊಣಕೈಯ ಕೆಳಗೆ ಆಗ ಎಡಕ್ಕಿಂತ ಬಲ ಎರಡು ಸೆಂಟಿಮೀಟರ್ ಹೆಚ್ಚಿತ್ತು, ಈಗ ಆರು. ಅವಳು ಇಷ್ಟು ವರ್ಷ ಹೆದರಿದ್ದ ಪ್ರಶ್ನೆಯನ್ನು ಆ ಹೆಂಗಸು ಕೇಳಲೇ ಇಲ್ಲ. "ಸ್ವಲ್ಪ ಇಳಿಸಬಹುದು. ಮೊದಲಿನ ಹಾಗಂತೂ ಆಗಲ್ಲ. ಇನ್ನೂ ಹೆಚ್ಚಾಗದ ಹಾಗೆ ನೋಡ್ಕೊಳ್ಳೋಣ" ಎಂದು, ಬೆರಳಿನಿಂದ ಹೆಗಲಿನವರೆಗೆ ಪದರ ಪದರವಾಗಿ ಬ್ಯಾಂಡೇಜು ಸುತ್ತಿದಳು. ಸಂಜೆ ಮನೆಯಲ್ಲಿ ಗಂಡ ಅದನ್ನು ಕಂಡು, "ಬಿಚ್ಚಿ ಕಟ್ಟೋದು ಹೇಗೆ ಅಂತ ನಂಗೂ ತೋರಿಸ್ತಾರಾ?" ಎಂದು ಕೇಳಿದ. ಅವಳು ಮುಖ ಎಲ್ಲಿಡಬೇಕೋ ತಿಳಿಯದೆ, ಹೂಂ ಎಂದಳು.

ನೆಲಮಾಳಿಗೆಯ ಕೌಂಟರಿಗೆ ಬರುವವರಲ್ಲಿ ತಲೆ ಎತ್ತಿಕೊಂಡು ಬರುವವರೇ ಇಲ್ಲ ಎಂಬುದು ಅವಳಿಗೆ ಗೊತ್ತಾದದ್ದು ಮೂರನೆಯ ದಿನ. ಡಬ್ಬಿಯನ್ನು ಚೀಲದ ತಳದಲ್ಲಿಟ್ಟು, ಪೇಪರಿನಲ್ಲಿ ಸುತ್ತಿ, ಕರವಸ್ತ್ರ ಮುಚ್ಚಿ ತರುತ್ತಾರೆ. ಹಿಂದೆ ಯಾರಾದರೂ ಇದ್ದಾರಾ ಎಂದು ನೋಡಿ ಥಟ್ಟನೆ ಇಟ್ಟು ಹಿಂದೆ ಸರಿಯುತ್ತಾರೆ. ಇಪ್ಪತ್ತೆರಡು ವರ್ಷ ಮೇಲಿನ ಕೋಣೆಯಲ್ಲಿ ಜನ ಅವಳನ್ನು ನಂಬಿ ಕೈ ಚಾಚಿದ್ದರು. ಇಲ್ಲಿ ಯಾರೂ ಅವಳ ಮುಖವನ್ನೇ ನೋಡುವುದಿಲ್ಲ. ಹತ್ತೂವರೆಗೆ ಒಬ್ಬ ಹೆಂಗಸು ಬಂದಳು, ಮೂವತ್ತರ ಮೇಲಿರಬೇಕು, ಎರಡು ಪದರ ಪೇಪರು ಸುತ್ತಿದ ಡಬ್ಬಿಯನ್ನು ಗಾಜಿನ ಕಿಂಡಿಯಲ್ಲಿ ತಳ್ಳಿ, ಗೋಡೆಯ ಮೇಲಿನ ಸೂಚನೆಗಳನ್ನು ಓದುತ್ತಾ ನಿಂತಳು. ಇವಳು ಎಡಗೈಯಿಂದ ಪೇಪರು ಬಿಡಿಸಲು ಹೋದಳು, ಆಗಲಿಲ್ಲ. ಬಲಗೈಯನ್ನೂ ಮೇಲೆ ತಂದಳು. ಆ ಬಿಳಿ ಬ್ಯಾಂಡೇಜಿನ ದಿಮ್ಮಿ ಕೌಂಟರಿನ ಮೇಲೆ ಕೂತಿತು. ಹೆಂಗಸು ಈಗ ಅವಳ ಕಡೆ ತಿರುಗಿದಳು.

"ಕೈಗೆ ಏನಾಯ್ತು? ಬಿದ್ರಾ?"

ಹೌದು ಎಂದರೆ ಮುಗಿಯುತ್ತಿತ್ತು. ಹೂಂ ಎಂಬುದು ನಾಲಿಗೆಯ ತುದಿಗೆ ಬಂದೂ ಇತ್ತು.

"ಇಲ್ಲ. ಕ್ಯಾನ್ಸರ್ ಆಪರೇಷನ್ ಆದಮೇಲೆ ಊದಿದ್ದು. ತೋರಿಸಿಕೊಳ್ಳದೆ ಬಿಟ್ಟೆ, ಬಲಿತುಹೋಯ್ತು."

"ಅಂಟುತ್ತಾ?" ಎಂದಳು ಹೆಂಗಸು, ಕಿಂಡಿಯಿಂದ ತನ್ನ ಕೈಯನ್ನು ತುಸು ಹಿಂದಕ್ಕೆ ತೆಗೆದುಕೊಂಡು.

ಮುಖ ಕಿವಿಯವರೆಗೆ ಬಿಸಿಯಾಯಿತು. ಅವಳು ಕೈ ಕೆಳಗಿಳಿಸಲಿಲ್ಲ.

"ಅಂಟಲ್ಲ" ಎಂದಳು. ಚೀಟಿ ಎಳೆದುಕೊಂಡು ಪೆನ್ನನ್ನು ಬ್ಯಾಂಡೇಜಿನ ಬೆರಳುಗಳ ನಡುವೆ ಸಿಕ್ಕಿಸಿ, "ಹೆಸರು ಹೇಳಿ. ನಿಧಾನವಾಗಿ ಹೇಳ್ಬೇಕು, ನಾನು ಬರೆಯೋದು ತಡ" ಎಂದಳು.

ಹೆಂಗಸು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಅವಳು ಒಂದೊಂದನ್ನೇ ಬರೆದಳು.